ಸಾಕ್ಷಿ ಹೇಳಿದ ಹವಾಲ್ದಾರರು ಮತ್ತು ನಾನು

ಸಿನಿಮಾ ನೋಡಿ ಸುಮ್ಮನೆ ಮನೆಗೆ ಹೋಗುವವರ ಪೈಕಿ ನಾನಲ್ಲ. ನೋಡಿದ್ದನ್ನು ನಾಲ್ಕು ಜನಕ್ಕೆ ಬಿಡಿಸಿ ಹೇಳದಿದ್ದರೆ ನನಗೆ ಊಟ ರುಚಿಸುವುದಿಲ್ಲ. ಇದಕ್ಕೆ ಹೆದರಿ ನನ್ನ ಹೆಂಡತಿ ನನ್ನ ಜೊತೆ ಸಿನಿಮಾಕ್ಕೆ ಬರುವುದನ್ನೇ ಬಿಟ್ಟಿದ್ದಾಳೆ. ಹೀಗಿರುವಾಗ ನಾನು ಕಲಿಸುವ ಬಾದಾಮಿಯ ಶಾಲೆಯಲ್ಲಿ ಒಂದು ಶನಿವಾರ ಮಕ್ಕಳಿಗೆ, ಪಾಲಕರಿಗೆ ಸೈನಿಕ ನ್ಯಾಯಾಲಯದ ಸಿನಿಮಾ ತೋರಿಸಿ, ಅದರ ಬಗ್ಗೆ ಮಾತಾಡಲು ನನ್ನನ್ನೇ ನಿಲ್ಲಿಸಿದರು. ಅಧಿಕಾರಿಯ ಅವಸರದ ಆದೇಶದಿಂದ ಸೈನ್ಯದ ಗಾಡಿ ಉರುಳಿ ಒಬ್ಬ ಸತ್ತು, ತಪ್ಪು ಡ್ರೈವರನ ತಲೆಗೆ ಬರುವ ಕಥೆ. ಕೊನೆಗೆ ಒಬ್ಬ ಸಿಪಾಯಿ ಖರೆ ಹೇಳುತ್ತಾನೆ. ನಿಜವಾಗಿ ನಡೆದದ್ದಂತೆ. ಆ ನಿಜವನ್ನು ನಾನು ಅದೇ ಬೆಳಗ್ಗೆ ಮೊಬೈಲಿನಲ್ಲಿ ಓದಿದ್ದರೂ, ಪಕ್ಕದಲ್ಲೇ ನಿಂತು ನೋಡಿದವನಂತೆ ಅರ್ಧ ಗಂಟೆ ಮಾತಾಡಿದೆ.

ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ಮೊಮ್ಮಗಳ ಜೊತೆ ಬಂದಿದ್ದ ಹುನಗುಂದದ ನಿವೃತ್ತ ಹವಾಲ್ದಾರರು. "ಮಾಸ್ತರ, ಈ ಸಿನಿಮಾದ್ದು ನನಗ ಗೊತ್ತಿಲ್ಲ. ಆದ್ರ ಇಂಥದ್ದ ಒಂದು ಕೇಸಿನಾಗ ನಾ ಸಾಕ್ಷಿ ಹೇಳೇನಿ" ಅಂದರು.

"ವಕೀಲರು ಸಿನಿಮಾದಾಗಿನಂಗ ಚೀರಾಡಿದ್ರೇನ್ರಿ?" ಎಂದು ಕೇಳಿದೆ.

"ಯಾರೂ ಚೀರಲಿಲ್ರಿ. ಫ್ಯಾನಿನ ಸಪ್ಪಳ ಅಷ್ಟ ಕೇಳ್ತಿತ್ತು. ಗಾಡಿ ಜೋರ್ ಹೊಡಿ ಅಂತ ಸಾಹೇಬರು ಹೇಳಿದ್ದು ಕೇಳೀಯೇನು ಅಂತ ವಕೀಲರು ಕೇಳಿದ್ರು. ಹೌದ್ರಿ ಅಂದ್ನಿ."

"ಹೆದರಿಕಿ ಬರಲಿಲ್ಲೇನ್ರಿ?"

"ಬಂತ್ರಿ. ಮಗಳು ಹುಟ್ಟಿದಾಗ ನನಗ ರಜಾ ಕೊಟ್ಟು ಕಳಿಸಿದವರು ಅದ ಸಾಹೇಬರು. ಭಾಳ ಒಳ್ಳೆಯವರು. ಡ್ರೈವರ ಬಿಡುಗಡೆ ಆದ, ಸಾಹೇಬರ ನೌಕರಿ ಹೋತು. ಹೋಗುವಾಗ ನನ್ನ ಹತ್ರ ಬಂದು ಕೈ ಕುಲುಕಿದ್ರು. ಅವತ್ತ ನಾ ಅತ್ತದ್ದು."

ನನ್ನ ಭಾಷಣಕ್ಕೆ ಗಲಾಟೆ ಮಾಡಿದ್ದ ಮಕ್ಕಳು ಈಗ ಎದ್ದು ಬಂದು ಅವರ ಸುತ್ತ ಕೂತರು.

ಸೋಮವಾರ ಹೆಡ್‌ಮಾಸ್ತರರು ಸ್ಟಾಫ್ ರೂಮಿಗೆ ಬಂದರು. ಶನಿವಾರ ಎಲ್ಲರೂ ಹೋದ ಮೇಲೆ ಪ್ರೊಜೆಕ್ಟರ್ ಬಿದ್ದು ಒಡೆದಿತ್ತು. ವೈರಿಗೆ ಕಾಲು ಸಿಕ್ಕಿಸಿ ಬೀಳಿಸಿದವರು ಹೆಡ್‌ಮಾಸ್ತರರೇ. ನೋಡಿದವನು ನಾನೊಬ್ಬನೇ. "ಜವಾನ ಬಸಪ್ಪಂದ ತಪ್ಪು. ಮೆಮೊ ಕೊಡ್ತೇನಿ ಅಂತ ಅವಗೂ ಹೇಳೇನಿ. ನೀವೂ ಅಲ್ಲೇ ಇದ್ರಲ್ರಿ?" ಅಂದರು. ನಾನು ಕೆಮ್ಮಿದೆ. ಅದನ್ನು ಅವರು ಹೌದೆಂದು ತಿಳಿದುಕೊಂಡರು.

ಮಧ್ಯಾಹ್ನದ ತನಕ ಒಂದು ಪಾಠವನ್ನೂ ನೆಟ್ಟಗೆ ಮಾಡಲಾಗಲಿಲ್ಲ. ಎರಡು ಸಲ ಅವರ ಬಾಗಿಲ ತನಕ ಹೋಗಿ ಸೀಮೆಸುಣ್ಣ ಬೇಕೆಂದು ಕೇಳಿ ವಾಪಸ್ಸು ಬಂದೆ. ಮೂರನೇ ಸಲ ಹೇಳಿಯೇಬಿಟ್ಟೆ: "ಸರ, ವೈರು ನಿಮ್ಮ ಕಾಲಿಗೆ ಸಿಕ್ಕಿತ್ರಿ." ಅವರು ಮೇಜಿನ ಮೇಲಿದ್ದ ಮೆಮೊ ಎತ್ತಿ ಹರಿದರು.

ಸಂಜೆ ಬಸಪ್ಪ ಚಹಾ ತಂದಿಟ್ಟ. ಅವನು ಹೊಗಳಲಿ ಎಂದು ನಾನು ಕಪ್ಪು ಎತ್ತದೆ ಕಾದೆ.

"ಮುಂಜಾನೆನ ಹೇಳಿದ್ರ ಚಲೋ ಇತ್ರಿ ಸರ," ಅಂದ. "ಮಧ್ಯಾಹ್ನ ನನಗ ರೊಟ್ಟಿ ಇಳೀಲಿಲ್ಲ."