ತೂಕದಣ್ಣ ಇಳಿದದ್ದು

ಆಸ್ಪತ್ರೆಯ ತೂಕದ ಯಂತ್ರ ನೂರಿಪ್ಪತ್ತು ಕಿಲೋ ದಾಟಿದವರನ್ನು ಮನುಷ್ಯರೆಂದೇ ಒಪ್ಪುತ್ತಿರಲಿಲ್ಲ. ತೂಕದಣ್ಣ ಹತ್ತಿ ನಿಂತರೆ ಸಾಕು, ಕಿಂವ್ ಎಂದು ಒದರಿ ಕಣ್ಣು ಮುಚ್ಚಿಬಿಡುತ್ತಿತ್ತು. ಅವತ್ತಿನ ರಾದ್ಧಾಂತಕ್ಕೆಲ್ಲ ಮೂಲ ಅದೇ.

ತೂಕದಣ್ಣ ಎಂಬ ಹೆಸರು ಅವನಿಗೆ ಬಂದದ್ದು ಕಸುಬಿನಿಂದ. ಗುಜರಿ ಮಂಡಿಯಲ್ಲಿ ಹಳೇ ಕಬ್ಬಿಣ, ತಗಡು, ರದ್ದಿ ತೂಗುವುದು ಅವನ ಕೆಲಸ. ಕೂತು ಕೂತು ದೇಹವೂ ಹೆಸರಿನ ಮರ್ಯಾದೆ ಉಳಿಸಿತ್ತು. ಈಗ ಮೊಣಕಾಲುಗಳು ಮುಷ್ಕರ ಹೂಡಿದ್ದವು. "ಮೂರು ತಿಂಗಳಲ್ಲಿ ಹತ್ತು ಕಿಲೋ ಇಳಿಸ್ಕೊಂಡು ಬಾ, ಆಪರೇಷನ್ ಮಾಡ್ತೀನಿ. ಇಲ್ಲಾಂದ್ರೆ ಆ ಕಾಲನ್ನ ನಾನು ಮುಟ್ಟಲ್ಲ" ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

ಮೂರು ತಿಂಗಳೂ ಅವನು ಬೇಯಿಸಿದ ತರಕಾರಿ, ಸೌತೆಕಾಯಿ ತಿಂದ. ಹೆಂಡತಿ ಸಕ್ಕರೆ ಡಬ್ಬಿಯನ್ನೇ ತವರಿಗೆ ಕಳಿಸಿದಳು. ಕೋಲೂರಿಕೊಂಡು ನಿತ್ಯ ನಡೆದ. ನಡೆಯಲು ಹೊರಟರೆ ಬೀದಿಯಲ್ಲಿದ್ದವರೆಲ್ಲ ಡಾಕ್ಟರುಗಳೇ. "ಅಣ್ಣಾ, ಕೈ ಬೀಸಿ ನಡಿ" ಎನ್ನುತ್ತಿದ್ದ ಕ್ಷೌರಿಕ. "ಬೀಸ್ಬೇಡ ಮಾರಾಯ, ನನ್ನ ಬಟ್ಟೆಗೆ ತಗಲುತ್ತೆ" ಎನ್ನುತ್ತಿದ್ದ ಇಸ್ತ್ರಿಯವನು. "ಬಾಯಿ ಕಟ್ಬೇಕಪ್ಪಾ, ಬಾಯಿ!" ಎನ್ನುತ್ತಿದ್ದ ಬೇಕರಿಯವನು. ಇವನಿಗೆ ಬನ್ನು ಮಾರಿ ಮಾರಿಯೇ ಮಾಳಿಗೆ ಕಟ್ಟಿಸಿದವನು ಅವನು. ತೂಗುವವ ಬೆಳಗಿನಿಂದ ಸಂಜೆವರೆಗೆ ಕುರ್ಚಿ ಬಿಟ್ಟೇಳಕೂಡದು ಎಂಬ ಮಂಡಿ ಯಜಮಾನರ ಕಟ್ಟಪ್ಪಣೆಯ ಬಗ್ಗೆ ಮಾತ್ರ ಯಾರೂ ಚಕಾರವೆತ್ತಲಿಲ್ಲ.

ಗಡುವಿನ ದಿನ ಬಂತು. ನರ್ಸಮ್ಮ ಫೈಲು ಬಗಲಿಗಿಟ್ಟುಕೊಂಡು ಚಪ್ಪಲಿ ಮೆಟ್ಟಿದರು. "ಹೋದ ಸಲ ಮಂಡೀಲಿ ನೀವೇ ತೂಗ್ಕೊಂಡು ಬಂದು ನೂರೈವತ್ಮೂರು ಅಂತ ಬರೆಸಿದ್ರಲ್ಲ, ಅಲ್ಲೇ ತೂಗೋಣ ನಡೀರಿ. ಈ ಸಲ ನಾನೇ ಕಣ್ಣಾರೆ ನೋಡ್ತೀನಿ."

ತೂಕದಣ್ಣ ಕೋಲೂರಿದಲ್ಲೇ ನಿಂತುಬಿಟ್ಟ. ಮಂಡಿಯ ತಕ್ಕಡಿಗೆ ಮೇಜಿನಡಿ ಒಂದು ಸ್ವಿಚ್ಚಿತ್ತು. ಎಡಕ್ಕೊತ್ತಿದರೆ ಕೊಳ್ಳುವ ತೂಕ. ಹತ್ತು ಕಿಲೋ ಇದ್ದದ್ದು ಒಂಬತ್ತಾಗುತ್ತಿತ್ತು. ಬಲಕ್ಕೊತ್ತಿದರೆ ಮಾರುವ ತೂಕ, ಹತ್ತು ಹನ್ನೊಂದಾಗುತ್ತಿತ್ತು. ನಡುವೆ ನಿಲ್ಲುವ ಜಾಗವೇ ಇರಲಿಲ್ಲ. ನಿಜವಾದ ತೂಕ ಆ ಮಂಡಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಮಂಡಿಯಲ್ಲಿ, ಬೀದಿಯ ತಗಡು ಆಯ್ದು ಮಾರುವ ಅಜ್ಜಿ ಚೀಲ ಇಟ್ಟುಕೊಂಡು ಕಾಯುತ್ತಿದ್ದಳು. ಯಜಮಾನರು ವಿಷಯ ಕೇಳಿ, ತೂಕದಣ್ಣನ ಬದಲಿಗೆ ಮೇಜಿನ ಮುಂದೆ ಕೂರಿಸಿದ್ದ ಹಮಾಲಿಗೆ ಕಣ್ಣು ಮಿಟುಕಿಸಿದರು. ಅವನು ಎಡಕ್ಕೊತ್ತಿದ. ತೂಕದಣ್ಣ ಹಲಗೆ ಹತ್ತಿದ. ನೂರ ಮೂವತ್ತೆಂಟು!

"ಹದಿನೈದು ಕಿಲೋ ಇಳಿದಿದ್ದೀರಿ!" ನರ್ಸಮ್ಮ ಚಪ್ಪಾಳೆ ತಟ್ಟಿದರು.

"ನಮ್ಮ ಮಂಡಿ ಗಾಳೀನೇ ಹಂಗೆ ಸಿಸ್ಟರ್" ಎಂದರು ಯಜಮಾನರು. ಸುಳ್ಳೆಂದು ಗೊತ್ತಿದ್ದೂ ತೂಕದಣ್ಣನಿಗೆ ಕಣ್ಣು ತುಂಬಿ ಬಂತು.

ಅಜ್ಜಿ ಮೂಗು ಮುರಿದಳು. "ಇದ್ರಲ್ಲೇನು ಹೆಚ್ಚುಗಾರಿಕೆ ಮಗಾ? ಇಲ್ಲಿ ನಿಂತ್ರೆ ಎಲ್ರೂ ಇಳೀತಾರೆ. ನನ್ನ ತಗಡು ಮನೆ ಬಿಡೋವಾಗ ಇಪ್ಪತ್ತು ಕಿಲೋ ಇರ್ತದೆ, ಇಲ್ಲಿಗೆ ಬಂದ್ರೆ ಹದಿನೆಂಟು. ದಾರೀಲಿ ಅದೂ ವಾಕಿಂಗ್ ಮಾಡ್ತದಲ್ಲ!"

ನರ್ಸಮ್ಮನ ಹುಬ್ಬು ಮೇಲೇರಿತು. "ಹಂಗಾದ್ರೆ ನಾನೂ ನಿಲ್ತೀನಿ. ಬೆಳಿಗ್ಗೆ ಆಸ್ಪತ್ರೇಲಿ ಸರಿಯಾಗಿ ಅರವತ್ತಿದ್ದೆ."

ಯಜಮಾನರು ಗಾಬರಿಯಲ್ಲಿ ಕೆಮ್ಮಿದರು. ಮಂಡಿಯಲ್ಲಿ ಕೆಮ್ಮೆಂದರೆ ಸ್ವಿಚ್ಚು ಬದಲಿಸು ಎಂದರ್ಥ. ಹಮಾಲಿ ವಿಧೇಯನಾಗಿ ಬಲಕ್ಕೊತ್ತಿದ.

"ಅರವತ್ತಾರು!" ನರ್ಸಮ್ಮನ ಕಿರುಚಾಟಕ್ಕೆ ರದ್ದಿಯ ಮೇಲೆ ಮಲಗಿದ್ದ ಬೆಕ್ಕು ಓಟ ಕಿತ್ತಿತು. "ಆಸ್ಪತ್ರೆಯಿಂದ ಇಲ್ಲಿಗೆ ಬರೋದ್ರೊಳಗೆ ಆರು ಕಿಲೋ ಊದಿದೀನಾ? ನಮ್ಮನೆಯವರು ಯಾರು ಗೊತ್ತೇನ್ರೀ? ತೂಕ-ಅಳತೆ ಇಲಾಖೆ ಇನ್ಸ್‌ಪೆಕ್ಟರು!"

ಫೋನು ಹೋಯಿತು, ಜೀಪು ಬಂತು. ಇನ್ಸ್‌ಪೆಕ್ಟರು ಬೇರೆ ದಿನವಾಗಿದ್ದರೆ ಯಜಮಾನರ ಜೊತೆ ಟೀ ಕುಡಿದು ಹೋಗುವ ಪೈಕಿಯೇ. ಆದರೆ ಹೆಂಡತಿಯನ್ನು ದಪ್ಪ ಎಂದ ತಕ್ಕಡಿಯನ್ನು ಯಾವ ಗಂಡ ಬಿಟ್ಟಾನು?

"ಇದೇನ್ರೀ ಸ್ವಿಚ್ಚು?"

"ಫ್ಯಾನಿಂದು ಸಾರ್" ಎಂದರು ಯಜಮಾನರು.

"ಫ್ಯಾನೆಲ್ಲಿ?"

"ತರಿಸ್ಬೇಕು ಸಾರ್."

ಇನ್ಸ್‌ಪೆಕ್ಟರು ಸ್ವಿಚ್ಚಿನ ತಂತಿ ಕಿತ್ತರು. ಇಲಾಖೆಯ ಕಲ್ಲುಗಳನ್ನಿಟ್ಟು ಪರೀಕ್ಷಿಸಿದರು. ಮಂಡಿಗೆ ಬಂದ ಮೇಲೆ ಮೊಟ್ಟಮೊದಲ ಸಲ ಆ ತಕ್ಕಡಿ ಸತ್ಯ ನುಡಿಯಿತು.

"ಈಗ ನಿಂತ್ಕೊಳ್ಳಿ" ಎಂದರು ನರ್ಸಮ್ಮ.

ತೂಕದಣ್ಣ ಹತ್ತಿ ನಿಂತ. ನೂರೈವತ್ಮೂರು.

"ಹೋದ ಸಲಾನೂ ನೂರೈವತ್ಮೂರು!" ನರ್ಸಮ್ಮ ಫೈಲು ಬಡಿದರು. "ಒಂದು ಕಿಲೋನೂ ಇಳಿದಿಲ್ಲ. ಕದ್ದು ತಿಂತಿದ್ರೇನ್ರೀ?"

ತೂಕದಣ್ಣನ ತಲೆಯಲ್ಲಿ ಮಿಂಚು ಹೊಡೆಯಿತು. ಹೋದ ಸಲ ತನ್ನನ್ನು ತಾನೇ ತೂಗಿಕೊಳ್ಳುವಾಗ ಕೈ ರೂಢಿಯಂತೆ ಎಡಕ್ಕೊತ್ತಿತ್ತು. ಹತ್ತಕ್ಕೆ ಒಂಬತ್ತರ ಲೆಕ್ಕದಲ್ಲಿ ತಾನು ಆಗ ಇದ್ದದ್ದು ನೂರೆಪ್ಪತ್ತು!

"ಇಳಿದಿದೀನಿ ಸಿಸ್ಟರ್! ಹದಿನೇಳು ಕಿಲೋ ಇಳಿದಿದೀನಿ! ಅವತ್ತು ಸ್ವಿಚ್ಚು ಎಡಕ್ಕಿತ್ತು!"

ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು. "ಓಹೋ. ಎಡಕ್ಕಿತ್ತು ಅಂತ ನಿಮಗೆ ಹೆಂಗೆ ಗೊತ್ತು? ಒತ್ತಿದ್ದು ಯಾರು?"

"ನಂಗೇನೂ ಗೊತ್ತಿಲ್ಲ ಸಾರ್, ನಾನು ಗಲ್ಲಾ ಬಿಟ್ಟೇಳೋನಲ್ಲ" ಎಂದು ಯಜಮಾನರು ಕೈ ಮುಗಿದರು. "ಇಲ್ಲಿ ತೂಕ ಎಲ್ಲಾ ಇವನದೇ."

ಹಮಾಲಿ ನೆಲ ನೋಡಿದ. ಯಜಮಾನರು ಸೂರು ನೋಡಿದರು. ಇಳಿದೆನೆಂದರೆ ಜೈಲು, ಇಳಿದಿಲ್ಲವೆಂದರೆ ಕಾಲು. ಮೂರು ತಿಂಗಳಿಂದ ಏನನ್ನೂ ನೆಟ್ಟಗೆ ನುಂಗದ ತೂಕದಣ್ಣ ಆ ಹದಿನೇಳು ಕಿಲೋವನ್ನು ಒಂದೇ ಗುಟುಕಿಗೆ ನುಂಗಿದ.

"ಇಲ್ಲ ಸಾರ್... ಬಾಯಿ ತಪ್ಪಿ ಅಂದೆ. ನಾನು ಇಳಿದೇ ಇಲ್ಲ."

"ಪಥ್ಯ ಮೊದಲಿಂದ ಶುರು. ಆಪರೇಷನ್ ಸದ್ಯಕ್ಕಿಲ್ಲ" ಎಂದು ನರ್ಸಮ್ಮ ಫೈಲಿನಲ್ಲಿ ಬರೆದುಕೊಂಡರು.

ಅಜ್ಜಿ ಚೀಲ ಎಳೆದುಕೊಂಡು ಹತ್ತಿರ ಬಂದಳು. "ಕೊರಗಬೇಡ ಮಗಾ. ಇಷ್ಟು ದಿನ ನನ್ನ ತಗಡು ಎಲ್ಲಿಗೆ ಹೋಯ್ತೋ, ನಿನ್ನ ಬೊಜ್ಜೂ ಅಲ್ಲಿಗೇ ಹೋಯ್ತು" ಎಂದು ಯಜಮಾನರ ಹೊಟ್ಟೆಯ ಕಡೆ ಗದ್ದ ಎತ್ತಿ ತೋರಿಸಿದಳು. "ಈಗ ಇಳಿ ಕೆಳಗೆ. ಆ ಕೆಮ್ಮು ಮತ್ತೆ ಶುರುವಾಗೋದ್ರೊಳಗೆ ನನ್ನ ಚೀಲ ತೂಗು."

ತೂಕದಣ್ಣ ಕೋಲೂರಿ, ನೋಯುವ ಕಾಲನ್ನು ಮೆಲ್ಲಗೆ ನೆಲಕ್ಕಿಟ್ಟ. ನಾಲ್ಕು ಜನರ ಕಣ್ಣೆದುರು ಅವನು ಇಳಿದದ್ದು ಅಷ್ಟೇ.