ಅತ್ತೆಯವರ ರಸಬಾಳೆಗೆ ನನ್ನ ಭಾಷೆ ನೀರು ಹಾಯಿಸಿದ್ದು

ಪ್ರಪಂಚದಲ್ಲಿ ಬೇಕಾದಷ್ಟು ಕಂಪ್ಯೂಟರ್ ಭಾಷೆಗಳಿರುವಾಗ ನೀನು ಇನ್ನೊಂದನ್ನು ಯಾಕಪ್ಪಾ ಮಾಡ್ತೀಯ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಯಾರೂ ಕೇಳದ ಕೆಲಸವನ್ನು ನಾನು ಯಾವಾಗಲೂ ಅತ್ಯಂತ ಶ್ರದ್ಧೆಯಿಂದ ಮಾಡುತ್ತೇನೆ. ನಂಜನಗೂಡಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ನಾನು, ಬೇಸಿಗೆ ರಜೆಯಲ್ಲಿ ಕುಳಿತು, ಅಚ್ಚ ಕನ್ನಡದಲ್ಲೇ ಯಂತ್ರಕ್ಕೆ ಅಪ್ಪಣೆ ಕೊಡುವ ಭಾಷೆಯೊಂದನ್ನು ಸೃಷ್ಟಿಸಿ, ಅದಕ್ಕೆ ನಮ್ಮ ನದಿಯ ಹೆಸರಿಟ್ಟು 'ಕಪಿಲೆ' ಎಂದು ವಿಧ್ಯುಕ್ತವಾಗಿ ನಾಮಕರಣ ಮಾಡಿದೆ. ಅದನ್ನು ಬಳಸುವವರು ಸದ್ಯಕ್ಕೆ ಒಬ್ಬರೇ. ನಾನೇ!

ಇಂಥ ಭಾಷೆಗೆ ಮೊದಲು ಬೇಕಾದದ್ದು ಲೆಕ್ಸರ್. ಹೆಸರು ಕೇಳಿ ಹೆದರಬೇಡಿ. ನಾವು ಬರೆದ ಸಾಲನ್ನು ಅವರೆಕಾಯಿ ಸುಲಿದ ಹಾಗೆ ಬಿಡಿಸಿ, ಇದು ವಸ್ತುವಿನ ಹೆಸರು, ಇದು ಅಪ್ಪಣೆ ಎಂದು ಬೇರೆ ಬೇರೆ ಮಾಡಿ ಇಡುವ ಭಾಗ ಅದು. ಅಪ್ಪಣೆಯ ಪದಗಳನ್ನು ನಾವು ಮೊದಲೇ ಹೇಳಿಕೊಟ್ಟಿರಬೇಕು. ನಾನು ಹೇಳಿಕೊಟ್ಟಿದ್ದೆ. 'ಬಾ' ಅಂದರೆ ಶುರುವಾಗಬೇಕು, 'ಹೋಗು' ಅಂದರೆ ನಿಲ್ಲಬೇಕು. ಇಷ್ಟು ಸುಲಭವಾದ ಕೆಲಸಕ್ಕೆ ದೊಡ್ಡ ದೊಡ್ಡವರೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತಾರೋ ಎಂದು ನನಗೆ ಅವರ ಮೇಲೆ ಕನಿಕರವೂ ಬಂದಿತ್ತು.

ಹೀಗಿರುವಾಗ, ರಜೆ ಮುಗಿದು ಸ್ಕೂಲು ಕಾಲೇಜು ಶುರುವಾಗುವ ಹೊತ್ತಿಗೆ ನಮ್ಮ ಅತ್ತೆಯವರು ತಮ್ಮ ಚಿಕ್ಕ ಮಗಳ ಹೆರಿಗೆಗೆಂದು ಟಿ. ನರಸೀಪುರಕ್ಕೆ ಹೊರಡಬೇಕಾಯಿತು. ಬದನವಾಳಿನ ಆಚೆ ಅವರದೊಂದು ತೋಟವಿದೆ. ಅದರಲ್ಲಿ ಅಸಲು ನಂಜನಗೂಡು ರಸಬಾಳೆ. ಸುತ್ತಮುತ್ತ ಎಷ್ಟೋ ಜನರ ತೋಟದಲ್ಲಿ ರೋಗ ಬಂದು ಅಳಿದುಹೋದ ತಳಿಯನ್ನು ಅತ್ತೆ ಮಗುವಿನಂತೆ ಕಾಪಾಡಿಕೊಂಡು ಬಂದಿದ್ದರು. ಈ ಸಲ ನೆಡಲು ಬುಡದ ಮರಿಗಿಡ, ಅಂದರೆ ಕಂದು, ಕಿತ್ತು ಕೊಡುತ್ತೇನೆ ಎಂದು ನಂಟರಿಗೆ, ನೆರೆಯವರಿಗೆ ಮಾತು ಕೊಟ್ಟಿದ್ದರು. ನೀರು ಕಡಿಮೆಯಾದರೆ ಗಿಡ ಸೊರಗುತ್ತದೆ, ಬುಡದಲ್ಲಿ ನಿಂತರೆ ಬೇರು ಕೊಳೆಯುತ್ತದೆ. ಅದೊಂದೇ ಅವರ ಚಿಂತೆ.

"ನಾನು ಸ್ಕೂಲಿಂದ ಬರ್ತಾ ದಿನಾ ಮೋಟಾರ್ ಹಾಕಿ ಆರಿಸ್ತೀನಿ ಬಿಡವ್ವಾ," ಎಂದಳು ನನ್ನ ಹೆಂಡತಿ ರತ್ನ. ಕವಲಂದೆಯ ಹೈಸ್ಕೂಲಿನಲ್ಲಿ ಅವಳು ಗಣಿತದ ಮೇಡಂ.

"ಬೇಡ!" ಎಂದೆ ನಾನು. "ಮನೆಯಲ್ಲಿ ಒಂದು ಭಾಷೆಯನ್ನೇ ಇಟ್ಟುಕೊಂಡು ಮನುಷ್ಯರು ಸ್ವಿಚ್ ಒತ್ತುವುದೆ?"

"ಅದಕ್ಕೆ ಅಂಗಡೀಲಿ ಟೈಮರ್ ಸಿಕ್ತದಲ್ಲಾ ರೀ."

ನಾನು ಆಗಲೇ ಲ್ಯಾಪ್‌ಟಾಪ್ ತೆರೆದಿದ್ದೆ.

ಮೋಟಾರಿಗೆ ಹಾಕುವ ಮೊದಲು ಮನೆಯ ಫ್ಯಾನಿಗೆ ಜೋಡಿಸಿ ನೋಡೋಣವೆಂದು, ಅತ್ತೆಯವರನ್ನು ಪಕ್ಕದಲ್ಲೇ ಕೂರಿಸಿಕೊಂಡು 'ಬಾ' ಎಂದು ಟೈಪು ಮಾಡಿದೆ. ಫ್ಯಾನು ತಿರುಗಿತು. 'ಹೋಗು' ಎಂದೆ. ನಿಂತಿತು. ಚಪ್ಪಾಳೆಗಾಗಿ ಅತ್ತೆಯ ಮುಖ ನೋಡಿದರೆ ಅವರ ಮುಖ ಗಂಟಿಕ್ಕಿಕೊಂಡಿತ್ತು.

"ಅಳಿಯಂದ್ರೇ, ನಾಳೆ ತೋಟದಲ್ಲಿ ಗಂಗಮ್ಮನ್ನೂ ಹಿಂಗೇ ಓಗು ಅಂತೀರಾ? ಮನೆಗ್ ಬಂದವ್ರನ್ನೇ ಹಂಗನ್ನಲ್ಲ ನಾವು. ಓಗಿ ಬಾ ಅನ್ನಿ."

"ಅತ್ತೇ, ಇದು ಯಂತ್ರ..."

"ಯಂತ್ರಕ್ಕೆ ಮರ್ವಾದೆ ಬ್ಯಾಡ್ವಾ?"

ನನಗೂ ಸರಿ ಎನ್ನಿಸಿತು. ಬಾಗಿಲವರೆಗೆ ಬಂದು ಹೋಗಿ ಬಾ ಎಂದು ಕಳಿಸುವ ಸೀಮೆಯಲ್ಲಿ ಹುಟ್ಟಿದ ಭಾಷೆ ಒರಟಾಗಿ ಮಾತಾಡಬಾರದು. 'ಹೋಗು' ಕಿತ್ತು 'ಹೋಗಿ ಬಾ' ಹಾಕಿದೆ. ಫ್ಯಾನು ತಿರುಗಿತು, ಆಮೇಲೆ ನಿಲ್ಲಲೇ ಇಲ್ಲ! ನನ್ನ ಲೆಕ್ಸರ್ ಸಾಲನ್ನು ಖಾಲಿ ಜಾಗ ಕಂಡಲ್ಲಿ ಕತ್ತರಿಸುತ್ತಿತ್ತು. 'ಹೋಗಿ' ಅದಕ್ಕೆ ಗೊತ್ತಿಲ್ಲದ ಪದ, ಬಿಟ್ಟುಬಿಟ್ಟಿತು. ಮುಂದಿನದು 'ಬಾ'. ಅದು ಚೆನ್ನಾಗಿ ಗೊತ್ತು. ನಾನು ಬೀಳ್ಕೊಟ್ಟಷ್ಟು ಸಲವೂ ಅದು ಒಳಗೆ ಬರುತ್ತಿತ್ತು. ಕೊನೆಗೆ, ಖಾಲಿ ಜಾಗದಲ್ಲಿ ಕತ್ತರಿಸುವುದನ್ನು ಬಿಟ್ಟು ಅಕ್ಷರ ಅಕ್ಷರವಾಗಿ ಓದು, 'ಹೋಗಿ ಬಾ' ಎಂಬುದನ್ನು ಜೋಡಿಯಾಗಿಯೇ ಮೊದಲು ಹುಡುಕು, ಅದು ಸಿಗದಿದ್ದರೆ ಮಾತ್ರ ಬರಿಯ 'ಬಾ' ನೋಡು ಎಂದು ಕಲಿಸಿದೆ. ಫ್ಯಾನು ವಿನಯದಿಂದ ನಿಂತಿತು.

ಮಾರನೆಯ ದಿನ ತೋಟದ ಶೆಡ್ಡಿನಲ್ಲಿ ಮೋಟಾರಿನ ಸ್ಟಾರ್ಟರಿಗೆ ನನ್ನ ಪುಟ್ಟ ಯಂತ್ರವನ್ನು ಜೋಡಿಸಿ 'ಬಾ' ಎಂದು ಬರೆದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಸ್ಟಾರ್ಟರ್ ದಡ್ ಎಂದಿತು, ಪೈಪು ನಡುಗಿತು, ಎಷ್ಟೋ ಅಡಿ ಕೆಳಗೆ ಕತ್ತಲಲ್ಲಿದ್ದ ನೀರು ಎದ್ದು ಬಂದು ಬೆಳಕಿಗೆ ಬಿತ್ತು. ನನ್ನ ಮೈಯೆಲ್ಲ ಜುಮ್ಮೆಂದಿತು. ನಾನು ಕಲಿಸಿದ ಒಂದೇ ಒಂದು ಅಕ್ಷರ! ನೆಲದೊಳಗಿನ ನೀರಿಗೆ ಅದು ಕೇಳಿಸಿತಲ್ಲ! ಅತ್ತೆ ಕೈ ಮುಗಿದರು. ನನಗಲ್ಲ, ನೀರಿಗೆ. ಆದರೂ ನಾನು ಪ್ರತಿವಂದನೆ ಮಾಡಿದೆ.

'ಹೋಗಿ ಬಾ' ಎಂದೆ, ನೀರು ನಿಂತಿತು. ಅತ್ತೆ ನೆಮ್ಮದಿಯಾಗಿ ಟಿ. ನರಸೀಪುರದ ಬಸ್ಸು ಹತ್ತಿದರು.

ಅವರು ಹೋದಮೇಲೆ ನಾನು ಪೂರ್ತಿ ಪ್ರೋಗ್ರಾಮು ಬರೆದೆ. ಮಣ್ಣಿನ ತೇವ ನೋಡುವ ಕಡ್ಡಿಯೊಂದನ್ನು ಬುಡದಲ್ಲಿ ನೆಟ್ಟು, ಎರಡು ಸಾಲು ಹೊಸೆದೆ:

ಮಣ್ಣು ಒಣಗಿದ್ದರೆ ಬಾ
ಬಾಳೆ ನೆನೆದಿದ್ದರೆ ಹೋಗಿ ಬಾ

ಓದಿಕೊಂಡರೆ ನನಗೇ ಹೆಮ್ಮೆ. ಅದನ್ನು ಚಾಲೂ ಮಾಡಿ, ಸ್ಕೂಟರ್ ಹತ್ತಿ ನಂಜನಗೂಡಿಗೆ ಬಂದು, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೃಷಿಯ ಭವಿಷ್ಯದ ಬಗ್ಗೆ ಮಾತಾಡುತ್ತ ಚಹಾ ಕುಡಿಯುತ್ತಿದ್ದೆ. ಆಗ ಪಕ್ಕದ ತೋಟದ ಬಸವಣ್ಣನ ಫೋನು ಬಂತು.

"ಸಾ, ನಿಮ್ಮತ್ತೆವ್ರು ಬಾಳೆ ಕಿತ್ತಾಕಿ ಬತ್ತ ನಾಟಿ ಮಾಡುಸ್ತಾವ್ರಾ?"

"ಯಾಕೆ ಬಸವಣ್ಣ?"

"ಗದ್ದೆ ಆಗೋಗದೆ ಕಣ್ ಸಾ! ಬಿರ್ ಬಿರ್ನೆ ಬನ್ನಿ!"

ರತ್ನಳಿಗೆ ಫೋನು ಮಾಡಿ, ನಾನೂ ಹೊರಟೆ. ತೋಟಕ್ಕೆ ಬಂದು ನೋಡಿದರೆ ರಸಬಾಳೆಯ ಸಾಲುಗಳ ನಡುವೆ ಆಕಾಶ ಕಾಣುತ್ತಿತ್ತು. ಅಷ್ಟು ನೀರು! ಕೊಕ್ಕರೆಗಳಿಗೆ ಆಗಲೇ ಸುದ್ದಿ ಮುಟ್ಟಿತ್ತು.

ನಾನು ಓಡಿ ಹೋಗಿ ಶೆಡ್ಡಿನ ಮೆಟ್ಟಿಲ ಮೇಲೆ ಕುಳಿತು ಲ್ಯಾಪ್‌ಟಾಪ್ ತೆರೆದೆ. ತಪ್ಪು ಕಣ್ಣಿಗೆ ಹೊಡೆಯಿತು. ನನ್ನ ಲೆಕ್ಸರ್ ಎರಡನೆಯ ಸಾಲಿನಲ್ಲಿ 'ಬಾಳೆ' ಓದಲು ಹೊರಟಿತ್ತು. ಮೊದಲಿಗೆ 'ಬಾ' ಸಿಕ್ಕಿತು. ಸಿಕ್ಕಿದ ತಕ್ಷಣ, ಮುಂದೆ ಏನಿದೆ ಎಂದು ನೋಡುವ ತಾಳ್ಮೆಯಿಲ್ಲದೆ, ಅಪ್ಪಣೆ ಬಂತೆಂದು ಮೋಟಾರು ಹಾಕಿಬಿಟ್ಟಿತ್ತು. ಉಳಿದ 'ಳೆ' ಏನೆಂದು ತಿಳಿಯದೆ ಆ ಸಾಲನ್ನು ಅಲ್ಲಿಗೇ ಕೈಬಿಟ್ಟಿತ್ತು. ಅಂದರೆ ಬಾಳೆ ನೆನೆಯಿತೇ ಎಂದು ವಿಚಾರಿಸಿದ ಪ್ರತಿ ಸಲವೂ ನೀರು! ಎಷ್ಟು ಕಾಳಜಿಯಿಂದ ವಿಚಾರಿಸಿದೆನೋ ಅಷ್ಟು ನೀರು!

"ಅದ್ಭುತ!" ಎಂದುಬಿಟ್ಟೆ. ನಿಜವಾಗಿಯೂ ಅದ್ಭುತ ಅನ್ನಿಸಿತು. ನಾನು ಹೇಳಿದ್ದನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರನ್ನು ನನ್ನ ಜೀವನದಲ್ಲೇ ನೋಡಿರಲಿಲ್ಲ.

"ಮೊದ್ಲು ಮೋಟಾರ್ ಆರಿಸ್ರೀ!" ಎಂದು, ಅಷ್ಟರಲ್ಲಿ ಬಂದಿದ್ದ ರತ್ನ ಬಾಳೆ ಸಾಲುಗಳ ನಡುವಿನಿಂದ ಕೂಗಿದಳು. ಸೀರೆ ಎತ್ತಿ ಸಿಕ್ಕಿಸಿಕೊಂಡು ನೀರಿಗಿಳಿದಿದ್ದಳು.

"ಒಂದೇ ನಿಮಿಷ! ಮೂಲ ಕಾರಣ ಸರಿಪಡಿಸದೆ ಆರಿಸುವುದು ವೈಜ್ಞಾನಿಕವಲ್ಲ!"

ಹೊಸ ನಿಯಮ ಬರೆದೆ. 'ಬಾ' ಆದಮೇಲೆ ಖಾಲಿ ಜಾಗವಿದ್ದರೆ ಅಥವಾ ಸಾಲು ಮುಗಿದರೆ ಮಾತ್ರ ಅದು ಅಪ್ಪಣೆ. ಬಾಳೆ ಬಚಾವು, ಬಾವಿ ಬಚಾವು, ಬಾಗಿಲೂ ಬಚಾವು! ಅವಸರದಲ್ಲಿ ಆ ನಿಯಮವನ್ನು ಎಲ್ಲಕ್ಕಿಂತ ಮೇಲೆ ಅಂಟಿಸಿದೆ. 'ಹೋಗಿ ಬಾ' ಜೋಡಿಯನ್ನು ಮೊದಲು ಹುಡುಕು ಎಂಬ ಹಳೆಯ ಪಾಠ ಅದರ ಕೆಳಗೆ ಸರಿಯಿತು. ಪ್ರೋಗ್ರಾಮು ಮತ್ತೆ ಓಡಿತು. 'ಬಾಳೆ' ಎಂದು ಸೊಗಸಾಗಿ, ಇಡಿಯಾಗಿ ಓದಿತು. ನೆನೆದಿದೆ ಎಂದು ಒಪ್ಪಿಕೊಂಡಿತು. ಆಮೇಲೆ ಸಾಲಿನ ಕೊನೆಯಲ್ಲಿ ಒಂಟಿಯಾಗಿ ನಿಂತಿದ್ದ 'ಬಾ' ಅನ್ನು ಕಂಡು, ಇನ್ನಷ್ಟು ನೀರು ಬಿಟ್ಟಿತು!

ರತ್ನ ನನ್ನನ್ನು ದಾಟಿಕೊಂಡು ಶೆಡ್ಡಿನೊಳಗೆ ಹೋಗಿ, ಸ್ಟಾರ್ಟರಿನ ಕೆಂಪು ಬಟನ್ ಒತ್ತಿದಳು.

ನಿಂತಿತು.

ಆಮೇಲೆ ಬಸವಣ್ಣ, ರತ್ನ, ನಾನು ಗುದ್ದಲಿ ಹಿಡಿದು ಬದು ಕಡಿದು ನೀರನ್ನು ಹೊರಗೆ ಬಿಟ್ಟೆವು. ಬಸವಣ್ಣ ಒಂದೇ ಉಸಿರಿಗೆ, "ಸಾ ಬಾಳೆಬುಡದ್ ಮಣ್ ಎಳೀಬ್ಯಾಡಿ ಬ್ಯಾರಿಗ್ ಏಟಾಯ್ತದೆ ಈ ಕಡಿಕ್ ಬನ್ನಿ," ಎಂದ. ನಾನು ಆ ಕಡೆಗೆ ಹೋದೆ. ಹೋದವನು ಕೆಸರಿನಲ್ಲಿ ಹಾಗೇ ನಿಂತುಬಿಟ್ಟೆ. ಪದಕ್ಕೂ ಪದಕ್ಕೂ ನಡುವೆ ಅವನು ಒಂದು ಕೂದಲೆಳೆಯಷ್ಟು ಜಾಗವನ್ನೂ ಬಿಟ್ಟಿರಲಿಲ್ಲ. ಆದರೂ ಬಾಳೆ ಎಲ್ಲಿ ಮುಗಿಯಿತು, ಬುಡ ಎಲ್ಲಿ ಶುರುವಾಯಿತು, ಯಾವುದು ಹೆಸರು, ಯಾವುದು ಅಪ್ಪಣೆ, ಎಲ್ಲ ನನಗೆ ತಿಳಿದಿತ್ತು! ಇಡೀ ರಜೆಯಲ್ಲಿ ನಾನು ಕಟ್ಟಲಾಗದ ಯಂತ್ರವೊಂದು ನನ್ನ ತಲೆಯೊಳಗೇ, ಹುಟ್ಟಿದಾಗಿನಿಂದ, ಕರೆಂಟ್ ಬಿಲ್ಲೂ ಇಲ್ಲದೆ ನಡೆಯುತ್ತಿದೆ. ಅದನ್ನು ಅಲ್ಲಿಟ್ಟವರು ಯಾರು? ಕಣ್ಣಲ್ಲಿ ನೀರು ಬಂತು.

"ಅಳ್ಬ್ಯಾಡಿ ಸಾ," ಎಂದ ಬಸವಣ್ಣ. "ದಿಬ್ಬದ ಮೇಲಿನ ಸಾಲು ಉಳ್ಕತದೆ."

ಆ ವಾರದಲ್ಲಿ ನಿಧಾನವಾಗಿ ಕುಳಿತು ಲೆಕ್ಸರನ್ನು ಸರಿ ಮಾಡಿದೆ. ಇಡೀ ಪದ ಕೇಳಿಸಿಕೊ, ಉದ್ದದ್ದು ಸಿಗುತ್ತದೆಯೇ ಎಂದು ಮೊದಲು ನೋಡು, ಪೂರ್ತಿ ತಿಳಿದ ಮೇಲೆ ಕೈ ಹಾಕು. ಇದನ್ನು ರತ್ನಳಿಗೆ ವಿವರಿಸಿದಾಗ ಅವಳು ಉತ್ತರ ಪತ್ರಿಕೆ ತಿದ್ದುತ್ತಲೇ, "ಅದನ್ನೇ ನಿಮಗೂ ಹಾಕ್ಕೊಳಕ್ಕೆ ಆಗ್ತದೇನ್ರೀ?" ಎಂದಳು.

ಬಸವಣ್ಣ ಹೇಳಿದ್ದು ನಿಜವಾಯಿತು. ದಿಬ್ಬದ ಸಾಲು ಉಳಿಯಿತು. ತಗ್ಗಿನ ಸಾಲಿನ ಎಲೆಗಳು ಹಳದಿಯಾಗಿ, ಜೋತು ಬಿದ್ದು, ಬುಡ ಕೊಳೆತವು. ಟಿ. ನರಸೀಪುರದಲ್ಲಿ ಮೊಮ್ಮಗಳನ್ನು ನೋಡಿ ಸಂತೋಷವಾಗಿ ಬಂದ ಅತ್ತೆ ಆ ಸಾಲಿನ ಮುಂದೆ ಬಹಳ ಹೊತ್ತು ನಿಂತರು. ಜೋತು ಬಿದ್ದ ಎಲೆಯೊಂದನ್ನು ಮೆಲ್ಲಗೆ ಎತ್ತಿ ಸವರಿದರು. ಬೈದಿದ್ದರೆ ಚೆನ್ನಾಗಿತ್ತು. ನನಗೆ ನಿಜಕ್ಕೂ ಸಂಕಟವಾಯಿತು.

ಕಂದು ಕೀಳುವ ದಿನ ಮಾತು ಕೊಟ್ಟಿದ್ದವರೆಲ್ಲ ಬಂದರು. ಅರ್ಧ ಜನರಿಗೆ ಸಿಕ್ಕಿತು, ಉಳಿದವರಿಗೆ ಮುಂದಿನ ವರ್ಷ ಎಂದರು ಅತ್ತೆ. ಯಾಕೆ ಎಂದು ಬಂದವರು ಕೇಳಿದಾಗ, "ಈ ಸಲ ನೀರು ಜಾಸ್ತಿಯಾಯ್ತು," ಎಂದಷ್ಟೇ ಹೇಳಿ ಅಳಿಯನ ಮಾನ ಕಾಪಾಡಿದರು. ಎಂಥ ದೊಡ್ಡ ಮನಸ್ಸು! ಆ ಧೈರ್ಯದ ಮೇಲೆ ನಾನೂ ಮುಂದೆ ಹೋಗಿ, "ಅತ್ತೇ, ನಮ್ಮ ನಂಜನಗೂಡಿನ ಮನೆ ಹಿತ್ತಲಿಗೂ ಒಂದು ಕಂದು ಕೊಡಿ. ಈಗ ಭಾಷೆ ಪೂರ್ತಿ ಸರಿಯಾಗಿದೆ," ಎಂದೆ.

ಅತ್ತೆ ನನ್ನನ್ನು ಒಮ್ಮೆ ನೋಡಿದರು. ಕಂದುಗಳನ್ನು ಒಮ್ಮೆ ನೋಡಿದರು. ಆಮೇಲೆ ಶೆಡ್ಡಿನೊಳಗೆ ಹೋಗಿ, ಒಂದು ಚಿಪ್ಪು ಮಾಗಿದ ರಸಬಾಳೆ ಹಣ್ಣು ತಂದು ನನ್ನ ಕೈಗಿಟ್ಟರು.

"ಕಂದು ಬ್ಯಾಡ ಅಳಿಯಂದ್ರೇ. ನಿಮ್ಗೆ ಹಣ್ಣೇ ಕೊಡ್ತೀನಿ. ತಿನ್ನೋ ಕೆಲ್ಸ ನಿಮ್ಗೆ ಚೆನ್ನಾಗ್ ಬತ್ತದೆ."

ಎಲ್ಲರ ಎದುರಿಗೆ ನಿಂತು ಸುಲಿದು ತಿಂದೆ. ಆ ಕೆಲಸದಲ್ಲಿ ಒಂದು ತಪ್ಪೂ ಆಗಲಿಲ್ಲ!