ಕತ್ತು ಒದ್ದೆಯಾಯ್ತಾ?

ಮೂವತ್ತೆರಡು ವರ್ಷ ಸೂಜಿಯನ್ನೇ ನಂಬಿ ಹೊಟ್ಟೆ ಹೊರೆದ ಮನುಷ್ಯನನ್ನು ನಿಲ್ಲಿಸಿಕೊಂಡು, "ನಿಮಗೆ ಸೂಜಿ ಚುಚ್ಚೋಕೆ ಬರುತ್ತಾ?" ಎಂದು ಕೇಳಿದರೆ ಹೇಗಾಗಬೇಡ, ನೀವೇ ಹೇಳಿ. ಟೈಲರ್ ಮಾಸ್ಟರಿಗೆ ಮೈಯೆಲ್ಲ ಉರಿದುಹೋಯಿತು. ಕೇಳಿದವರು ಪ್ರಾಣಿಗಳ ಡಾಕ್ಟರಮ್ಮ. ಮಾಸ್ಟರ ಹೊಲಿಗೆ ಯಂತ್ರಕ್ಕಿಂತ ವಯಸ್ಸಿನಲ್ಲಿ ಚಿಕ್ಕವರು. ಅದೂ ಕೇಳಿದ್ದು ಹೆಂಡತಿಯ ಎದುರಿಗೆ.

"ಡಾಕ್ಟರಮ್ಮ, ನಾನು ಕಣ್ಣು ಮುಚ್ಚಿಕೊಂಡು ಕಾಜಾ ಹೊಲೀತೀನಿ," ಎಂದರು ಮಾಸ್ಟರು.

"ಬೆಕ್ಕಿಗೆ ಮಾತ್ರ ಕಣ್ಣು ಬಿಟ್ಟುಕೊಂಡೇ ಹಾಕಿ," ಎಂದರು ಡಾಕ್ಟರಮ್ಮ.

ಬೆಕ್ಕಿನ ಹೆಸರು ಗುಂಡಿ. ಮರಿಯಾಗಿದ್ದಾಗ ಅಂಗಡಿಯ ಗುಂಡಿ ಡಬ್ಬದಲ್ಲಿ ಮಲಗಿ ಸಿಕ್ಕಿದ್ದಕ್ಕೆ ಆ ನಾಮಕರಣ. ಈಗ ಹನ್ನೊಂದು ವರ್ಷ. ಕಪ್ಪು ಮೈ, ಮಖಮಲ್ಲಿನಂಥ ದಟ್ಟ ಕೂದಲು. ಮಗಳು ಮದುವೆಯಾಗಿ ಹೋದ ಮೇಲೆ ಗಂಡ ಹೆಂಡಿರ ಜಗಳಕ್ಕೆ ಮನೆಯಲ್ಲಿ ಉಳಿದಿದ್ದ ಏಕೈಕ ಸಾಕ್ಷಿ ಅದೇ. ಆ ಗುಂಡಿ ಒಂದು ತಿಂಗಳಿಂದ ಬಟ್ಟಲುಗಟ್ಟಲೆ ನೀರು ಕುಡಿಯತೊಡಗಿತ್ತು. ಎಷ್ಟು ತಿಂದರೂ ಸೊರಗುತ್ತಿತ್ತು. ಅದು ಉಚ್ಚೆ ಹೊಯ್ಯುವ ಮರಳಿನ ತಟ್ಟೆಗೆ ಇರುವೆಗಳು ಸಾಲುಗಟ್ಟಿ ಬಂದವು. (ರೋಗ ಮೊದಲು ಕಂಡುಹಿಡಿದದ್ದು ಇರುವೆಗಳೇ, ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿ ಅದಕ್ಕೆ ಸಹಿ ಹಾಕಿದರು ಅಷ್ಟೆ.) ಸಕ್ಕರೆ ಕಾಯಿಲೆ. ಬೆಳಗ್ಗೆ ಏಳಕ್ಕೆ, ಸಂಜೆ ಏಳಕ್ಕೆ, ಊಟದ ಜೊತೆಗೆ ಒಂದೊಂದು ಯೂನಿಟ್ ಇನ್ಸುಲಿನ್ ಹಾಕಬೇಕು ಎಂದಾಯಿತು.

ಡಾಕ್ಟರಮ್ಮ ಗುಂಡಿಯ ಕತ್ತಿನ ಚರ್ಮವನ್ನು ಗುಡಾರದ ಹಾಗೆ ಎತ್ತಿ, ಬುಡದಲ್ಲಿ ಸೂಜಿ ಇಳಿಸಿ, ನಿಲ್ಲಿಸಿ, ಮೆಲ್ಲನೆ ಒತ್ತಿ ತೋರಿಸಿದರು. ಬಾಟಲಿ ಫ್ರಿಜ್ಜಿನಲ್ಲಿರಬೇಕು, ಆದರೆ ಹೆಪ್ಪುಗಟ್ಟಬಾರದು ಎಂದರು. ಸಕ್ಕರೆ ವಿಪರೀತ ಇಳಿದು ಬೆಕ್ಕು ತೂರಾಡಿದರೆ ಒಸಡಿಗೆ ಸಕ್ಕರೆ ಪಾಕ ಸವರಿ ಕೂಡಲೇ ಕರೆದುಕೊಂಡು ಬನ್ನಿ ಎಂದರು. ಕೊನೆಗೆ ಬೆರಳೆತ್ತಿ, ಮದ್ದು ಹೋಯಿತೋ ಇಲ್ಲವೋ ಎಂದು ಅನುಮಾನ ಬಂದರೆ ಮಾತ್ರ ಎರಡನೇ ಸಲ ಹಾಕಲೇಬೇಡಿ, ಒಂದು ಹೊತ್ತು ತಪ್ಪಿದರೆ ಪರವಾಗಿಲ್ಲ, ಎರಡು ಸಲ ಬಿದ್ದರೆ ಜೀವಕ್ಕೇ ಸಂಚಕಾರ ಎಂದರು. ಇದಿಷ್ಟನ್ನೂ ಮಾಸ್ಟರ ಹೆಂಡತಿ ಮುಖಕ್ಕೆ ಕೈ ಅಡ್ಡ ಹಿಡಿದು ಬೆರಳ ಸಂದಿಯಿಂದ ನೋಡಿದರು. ಪಾಪ, ಸೂಜಿ ಕಂಡರೆ ಆಕೆಗೆ ತಲೆ ಸುತ್ತುತ್ತದೆ. ಟೈಲರನ್ನು ಮದುವೆಯಾಗಿ ಇಷ್ಟು ವರ್ಷವಾದರೂ ಒಂದು ಗುಂಡಿ ಹಚ್ಚಿದವರಲ್ಲ. ಮಾಸ್ಟರು ಏನು ನೋಡುತ್ತಿದ್ದರು? ಡಾಕ್ಟರಮ್ಮನ ಬಿಳಿ ಕೋಟು. ಅದರ ಬಲಭುಜ ಅರ್ಧ ಇಂಚು ಜೋತುಬಿದ್ದಿತ್ತು. ಯಾವ ಪುಣ್ಯಾತ್ಮ ಹೊಲಿದನೋ ಎಂದು ಅವರು ಒಳಗೊಳಗೇ ಮರುಗುತ್ತಿದ್ದರು.

ಅಂದಿನಿಂದ ಮನೆಯ ಫ್ರಿಜ್ಜು ಔಷಧಾಗಾರವೆಂದು ಘೋಷಿತವಾಯಿತು. ಇನ್ಸುಲಿನ್ ಬಾಟಲಿಗೆ ಮಾಸ್ಟರು ಅಸ್ತರು ಕೊಟ್ಟು, ಎರಡು ಗುಂಡಿ ಹಚ್ಚಿ ಒಂದು ಚೀಲ ಹೊಲಿದರು. ಅದನ್ನು ನಡುವಿನ ಅರೆಯಲ್ಲಿ, ಹಾಲಿಗೂ ನಿಂಬೆಹಣ್ಣಿಗೂ ಮಧ್ಯೆ ಪ್ರತಿಷ್ಠಾಪಿಸಿದರು. ಬಾಗಿಲು ದಿನಕ್ಕೆ ನಾಲ್ಕೇ ಸಲ ತೆಗೆಯತಕ್ಕದ್ದು, ತೆಗೆದು ನಿಂತು ಯೋಚಿಸತಕ್ಕದ್ದಲ್ಲ. ಒಂದು ನಿಂಬೆಹಣ್ಣಿಗೂ ಅರ್ಜಿ ಹಾಕಬೇಕಾ ನಾನು ಎಂದು ಹೆಂಡತಿ ಗೊಣಗಿದರು. ಮಾಸ್ಟರು ಕಿವಿಗೆ ಹಾಕಿಕೊಳ್ಳಲಿಲ್ಲ.

ಇನ್ನು ಚುಚ್ಚುವ ವೈಭವ! ಬೆಳಗ್ಗೆ ಕತ್ತಿನ ಬಲಕ್ಕೆ, ಸಂಜೆ ಎಡಕ್ಕೆ, ಅಂಗಡಿಯ ಸೀಮೆಸುಣ್ಣದಿಂದ ಗುರುತು ಹಾಕುವುದು. ಎರಡು ಬೆರಳಲ್ಲಿ ಚರ್ಮ ಮಡಿಸುವುದು. ಸರ್ರನೆ ಒಂದು ಚುಚ್ಚು, ಹೆಬ್ಬೆರಳಿನ ಒಂದು ಒತ್ತು, ಮುಗಿಯಿತು. ಗುಂಡಿ ತಟ್ಟೆಯಿಂದ ತಲೆ ಸಹ ಎತ್ತುತ್ತಿರಲಿಲ್ಲ. ಆದರೆ ಹೆಂಡತಿ ಅದನ್ನು ಮಡಿಲಿಗೆ ಎತ್ತಿಕೊಂಡಾಗ ಕೂದಲೆಲ್ಲ ಆಸ್ಪತ್ರೆ ವಾಸನೆ.

"ರೀ, ಇದರ ಕತ್ತು ಒದ್ದೆ ಒದ್ದೆ ಇದೆಯಲ್ಲ?"

"ಮದ್ದು ಒಳಗೆ ಇಳಿದ ಗುರುತು ಕಣೇ ಅದು. ಒದ್ದೆ ಬಟ್ಟೆಗೆ ಇಸ್ತ್ರಿ ಇಟ್ಟರೆ ಮೇಲೆ ಹಬೆ ಬರಲ್ವಾ? ಹಾಗೇ."

ಹಬೆಗೂ ಬೆಕ್ಕಿಗೂ ಏನು ಸಂಬಂಧವೋ ಆಕೆಗೆ ಹೊಳೆಯಲಿಲ್ಲ. ಸೂಜಿಯ ವಿಷಯದಲ್ಲಿ ಗಂಡನ ಹತ್ತಿರ ವಾದ ಮಾಡುವಷ್ಟು ಧೈರ್ಯವೂ ಇರಲಿಲ್ಲ.

ವಾರ ಕಳೆದು ಪರೀಕ್ಷೆ ಮಾಡಿಸಿದರೆ ಸಕ್ಕರೆ ಒಂದಿಷ್ಟೂ ಇಳಿದಿಲ್ಲ. ಮದ್ದು ಪೂರ್ತಿ ಒಳಗೆ ಹೋಗುತ್ತಿದೆಯಾ, ಒಂದು ಸಲ ಹಾಕಿ ತೋರಿಸಿ ಎಂದರು ಡಾಕ್ಟರಮ್ಮ. ಮತ್ತೆ ಅದೇ ಅವಮಾನ! ನನ್ನ ಕೈ ತಪ್ಪುವುದಿಲ್ಲ, ನಿಮ್ಮ ಮದ್ದೇ ಸಾಲದು ಎಂದು ಮಾಸ್ಟರು ಸೆಟೆದು ನಿಂತರು. ಒಂದು ಯೂನಿಟ್ ಎರಡಾಯಿತು. ಇನ್ನೊಂದು ವಾರಕ್ಕೆ ಮೂರಾಯಿತು. ಇದಕ್ಕೂ ಜಗ್ಗದಿದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸೋಣ, ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರಮ್ಮ ದನಿ ತಗ್ಗಿಸಿ ಹೇಳಿದರು.

ಆ ದಿನದಿಂದ ಮಾಸ್ಟರ ಎದೆಯಲ್ಲಿ ಅವಲಕ್ಕಿ ಕುಟ್ಟಲು ಶುರು. ಗಿರಾಕಿಗಳ ಅಳತೆ ಪುಸ್ತಕದಲ್ಲಿ ಗುಂಡಿಗೂ ಒಂದು ಪುಟವಿತ್ತು. ಹೊಟ್ಟೆಯ ಸುತ್ತಳತೆ ಹದಿನೆಂಟು ಇಂಚು, ಆಮೇಲೆ ಹದಿನೇಳು, ಈಗ ಹದಿನಾರೂಕಾಲು. ಅಂಗಡಿಯಲ್ಲಿ ಒಬ್ಬರ ಎಡತೋಳನ್ನು ಬಲಕ್ಕೆ ಜೋಡಿಸಿದರು. ಬೆಕ್ಕು ಎಷ್ಟು ನೀರು ಕುಡಿಯಿತೆಂದು ನೋಡಲು ನಡುಮಧ್ಯಾಹ್ನ ಮನೆಗೆ ಓಡಿಬಂದರು. ಕೈ ಸರಿಯಿದೆ, ಮದ್ದಿನ ಅಳತೆ ಸರಿಯಿದೆ. ಹಾಗಾದರೆ ಕೆಟ್ಟದ್ದು ಬಾಟಲಿಯೇ ಇರಬೇಕು. ಬಾಟಲಿ ಕೆಟ್ಟಿದ್ದರೆ ಕೆಡಿಸಿದವರು ಯಾರು? ಹೆಂಡತಿಯ ವಿಚಾರಣೆ ನಡೆಯಿತು. ಹಾಲು ತೆಗೆಯುವ ನೆಪದಲ್ಲಿ ಬಾಗಿಲು ತೆಗೆದು ಎಷ್ಟು ಹೊತ್ತು ನಿಂತೆ? ಚೀಲವನ್ನು ಹಿಮದ ಕಡೆಗೆ ಸರಿಸಿದೆಯಾ? ಆಕೆ ಕಣ್ಣೊರೆಸಿಕೊಂಡು ಇಲ್ಲ ಎಂದರೂ ಹೊಸ ಬಾಟಲಿ ಬಂತು. ಫ್ರಿಜ್ಜಿನೊಳಗೆ ಉಷ್ಣಮಾಪಕವೂ ಬಂತು. ಸಕ್ಕರೆ ಮಾತ್ರ ಇದ್ದಲ್ಲೇ ಇತ್ತು.

ಹೀಗಿರುವಾಗ ಒಬ್ಬ ವಕೀಲರ ಕರಿ ಕೋಟು ಬೆಳಗ್ಗೆ ಒಂಬತ್ತಕ್ಕೆ ಕೊಡಲೇಬೇಕಾಗಿ ಬಂದು, ಮಾಸ್ಟರು ಆರಕ್ಕೇ ಅಂಗಡಿಗೆ ಹೋಗಬೇಕಾಯಿತು. ಏಳು ಹೊಡೆಯುತ್ತಿದ್ದಂತೆ ಮನೆಗೆ ಫೋನು ಮಾಡಿದರು. ಇವತ್ತು ನೀನೇ ಹಾಕಬೇಕು ಎಂದರು. ಆಕೆ ಅತ್ತರು, ಕೈ ನಡುಗುತ್ತದೆ ಎಂದರು. ಕೊನೆಗೆ ಫೋನನ್ನು ಮೇಜಿನ ಮೇಲಿಟ್ಟು, ಬೆರಳ ಸಂದಿಯಿಂದ ಕಂಡಿದ್ದನ್ನೆಲ್ಲ ನೆನಪು ಮಾಡಿಕೊಂಡು, ಮೂರು ಯೂನಿಟ್ ಹಾಕಿಯೇಬಿಟ್ಟರು.

"ಹೋಯ್ತು ರೀ," ಎಂದರು ಏದುಸಿರು ಬಿಡುತ್ತ.

"ಕತ್ತು ಒದ್ದೆಯಾಯ್ತಾ?"

"ಇಲ್ಲ. ಒಣಗೇ ಇದೆ."

ಮಾಸ್ಟರು ಕತ್ತರಿ ಕೆಳಗಿಟ್ಟರು. "ಹಾಗಾದ್ರೆ ಮದ್ದು ಹೋಗೇ ಇಲ್ಲ ಕಣೇ. ಇನ್ನೊಂದು ಸಲ ಮೂರು ಹಾಕು."

"ಡಾಕ್ಟರಮ್ಮ ಎರಡನೇ ಸಲ ಹಾಕಬೇಡಿ ಅಂದಿದ್ದಾರೆ."

"ಸೂಜಿ ವಿಷಯ ನನಗೆ ಹೇಳಿಕೊಡ್ತೀಯಾ? ಹಾಕು ಅಂದ್ರೆ ಹಾಕು."

"ಹಾಕಲ್ಲ," ಎಂದು ಆಕೆ ಫೋನು ಇಟ್ಟುಬಿಟ್ಟರು. ಮದುವೆಯಾದ ಮೇಲೆ ಇದೇ ಮೊದಲು.

ವಕೀಲರ ಕೋಟು ಕೊಟ್ಟು ಮಾಸ್ಟರು ಒಂಬತ್ತೂವರೆಗೆ ಮನೆಗೆ ನುಗ್ಗಿದಾಗ ಹೆಂಡತಿ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತಿದ್ದರು. ಜರುಗು ಎಂದರೆ ಜರುಗಲಿಲ್ಲ. ಒಂದು ಹೊತ್ತಿನ ಮದ್ದು ತಪ್ಪಿದರೆ ಅದರ ಗತಿ ಏನು, ಅದು ಸತ್ತರೆ ನೀನೇ ಹೊಣೆ ಎಂದು ಮಾಸ್ಟರು ಕೂಗಾಡಿದರು. ಬಾಗಿಲ ಹಿಡಿಗೆ ಕೈ ಹಾಕಿದರು. ಆಕೆ ಆ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡರು. (ಹೊರಗಿನಿಂದ ನೋಡಿದವರಿಗೆ ಇಬ್ಬರೂ ಹಾಲಿಗಾಗಿ ಬಡಿದಾಡುತ್ತಿದ್ದಾರೆ ಅನ್ನಿಸಬೇಕು.)

ಅಷ್ಟರಲ್ಲಿ ಗುಂಡಿ ಮೂಲೆಯಿಂದ ಎದ್ದು ನೀರಿನ ಬಟ್ಟಲಿನ ಕಡೆ ಹೊರಟಿತು. ನಾಲ್ಕು ಹೆಜ್ಜೆ ಅಡ್ಡಡ್ಡ ಇಟ್ಟಿತು. ಹಿಂಗಾಲು ಒಂದಕ್ಕೊಂದು ತೊಡರಿ, ಪಕ್ಕಕ್ಕೆ ವಾಲಿ, ನೆಲಕ್ಕೆ ಬಿತ್ತು.

ಮಾಸ್ಟರಿಗೆ ಕೈಕಾಲೇ ಆಡಲಿಲ್ಲ. ಸೂಜಿ ಕಂಡರೆ ತಲೆ ಸುತ್ತುವ ಹೆಂಡತಿಯೇ ಸಕ್ಕರೆಗೆ ಒಂದಿಷ್ಟು ನೀರು ಹಾಕಿ ಕಲಸಿ, ಬೆಕ್ಕಿನ ತುಟಿ ಎತ್ತಿ ಒಸಡಿಗೆ ಸವರಿದರು. ಬಟ್ಟೆಯ ಬುಟ್ಟಿಯಲ್ಲಿ ಗುಂಡಿಯನ್ನು ಮಲಗಿಸಿ, ಬುಟ್ಟಿಯನ್ನು ಗಂಡನ ಕೈಗೆ ಕೊಟ್ಟು, ಓಡಿ ಎಂದರು. ಎರಡು ಬೀದಿ ಆಚೆಯ ಕ್ಲಿನಿಕ್ಕಿಗೆ ಮಾಸ್ಟರು ಕತ್ತಿನ ಟೇಪನ್ನೂ ತೆಗೆಯದೆ ಓಡಿದರು. ಓಡುತ್ತಲೇ, ಎಷ್ಟು ಹಾಕಿದೆ, ನಿಜ ಹೇಳು ಎಂದು ಹಿಂದೆಯೇ ಓಡಿಬರುತ್ತಿದ್ದ ಹೆಂಡತಿಯನ್ನು ಗದರಿದರು. ನೀವು ಹೇಳಿದಷ್ಟೇ, ಮೂರೇ ಎಂದು ಆಕೆ ಬಿಕ್ಕಿದರು. ಬುಟ್ಟಿಯಲ್ಲಿ ಗುಂಡಿಯ ಬಾಲದ ತುದಿ ಮಾತ್ರ ಅಲುಗುತ್ತಿತ್ತು. ಅದು ನಿಂತುಬಿಟ್ಟರೆ ಎಂದು ಮಾಸ್ಟರು ಅದನ್ನೇ ನೋಡುತ್ತ ಓಡಿ ಎರಡು ಸಲ ಎಡವಿದರು.

ಡಾಕ್ಟರಮ್ಮ ಗ್ಲುಕೋಸು ಏರಿಸಿದರು. ಒಂದು ಗಂಟೆ ಕಳೆದ ಮೇಲೆ ಗುಂಡಿ ಕಣ್ಣು ಬಿಟ್ಟು, ಇಬ್ಬರನ್ನೂ ಒಮ್ಮೆ ನೋಡಿ, ಬೇಸರದಿಂದ ಮುಖ ತಿರುಗಿಸಿತು. ಮಾಸ್ಟರು ಗೋಡೆಗೆ ಒರಗಿ ಕೂತು ಟೇಪಿನ ತುದಿಯಲ್ಲಿ ಕಣ್ಣೊರೆಸಿಕೊಂಡರು.

ಅದೇ ಬೆಕ್ಕು, ಅದೇ ಮೂರು ಯೂನಿಟ್, ಇಷ್ಟು ದಿನ ಇಳಿಯದ ಸಕ್ಕರೆ ಇವತ್ತು ಪಾತಾಳಕ್ಕೆ ಇಳಿದಿದೆ, ಇವತ್ತು ಬೇರೆ ಏನಾಯಿತು ಎಂದು ಡಾಕ್ಟರಮ್ಮ ಕೇಳಿದರು. ಮಾಸ್ಟರಿಗೆ ಜೀವ ಬಂತು. ಹೆಂಡತಿಯ ಕಡೆ ಬೆರಳು ತೋರಿಸಿ, ಇವತ್ತು ಹಾಕಿದ್ದು ಇವಳು, ಕತ್ತು ಒದ್ದೆ ಕೂಡ ಆಗಲಿಲ್ಲವಂತೆ ಎಂದು ದೂರು ಕೊಟ್ಟರು.

ಡಾಕ್ಟರಮ್ಮ ಒಂದು ದಪ್ಪ ಟವೆಲ್ಲನ್ನು ಮಡಿಸಿ ಮೇಜಿನ ಮೇಲಿಟ್ಟು, ಎರಡು ಸಿರಿಂಜಿಗೆ ಬರೀ ನೀರು ತುಂಬಿ, ಇಬ್ಬರೂ ಇದಕ್ಕೆ ಚುಚ್ಚಿ ತೋರಿಸಿ ಎಂದರು. ಹೆಂಡತಿ ನಡುಗುವ ಕೈಯಲ್ಲಿ ಮಡಿಕೆ ಎತ್ತಿ, ಬುಡಕ್ಕೆ ಚುಚ್ಚಿ, ನಿಲ್ಲಿಸಿ, ಒತ್ತಿದರು. ನೀರು ಒಳಗೇ ಉಳಿಯಿತು. ಮಾಸ್ಟರು ಅಂಗಿಯ ತೋಳು ಮಡಚಿಕೊಂಡರು. ಎರಡು ಬೆರಳಲ್ಲಿ ಮಡಿಕೆ ಹಿಡಿದು, ಮೂವತ್ತೆರಡು ವರ್ಷದ ಅನುಭವವನ್ನೆಲ್ಲ ಸೇರಿಸಿ ಸರ್ರನೆ ಚುಚ್ಚಿದರು. ಈ ಕಡೆ ಹೊಕ್ಕ ಸೂಜಿ ಆ ಕಡೆ ಥಳಥಳನೆ ತಲೆ ಹೊರಹಾಕಿತು. ಹೆಬ್ಬೆರಳು ಒತ್ತಿದಾಗ ನೀರು ಚಿಮ್ಮಿ ಡಾಕ್ಟರಮ್ಮನ ಕೋಟಿನ ಮೇಲೆ ಬಿತ್ತು.

"ಮಾಸ್ಟರೇ," ಎಂದರು ಡಾಕ್ಟರಮ್ಮ, ಕೋಟು ಒರೆಸಿಕೊಳ್ಳುತ್ತ, "ನೀವು ಇಂಜೆಕ್ಷನ್ ಹಾಕ್ತಿಲ್ಲ. ಬೆಕ್ಕನ್ನ ಹೊಲೀತಿದ್ದೀರಿ."

ಇಷ್ಟು ದಿನದ ಮದ್ದೆಲ್ಲ ಕೂದಲಿಗೇ ಹೋಗಿತ್ತು. ದಟ್ಟ ಕೂದಲಿನಡಿ ಸೂಜಿಯ ತುದಿ ಯಾರಿಗೂ ಕಂಡಿರಲಿಲ್ಲ. ಇವತ್ತು ಮಾತ್ರ ಗುಂಡಿಯ ಮೈಗೆ ಮೊದಲ ಸಲ ಇನ್ಸುಲಿನ್ ಪೂರ್ತಿ ಸೇರಿತ್ತು, ಅದೂ ಒಂದರ ಬದಲು ಮೂರು. ಅದರ ಮೇಲೆ ಇನ್ನೂ ಮೂರು ಹಾಕು ಎಂದದ್ದು ಯಾರು? ಆಕೆ ಹಾಕಲ್ಲ ಎನ್ನದಿದ್ದರೆ, ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಲ್ಲದಿದ್ದರೆ, ಆ ಬುಟ್ಟಿ ಖಾಲಿಯಾಗಿ ಮನೆಗೆ ಬರುತ್ತಿತ್ತು. ತಪ್ಪಾಯ್ತು ಕಣೇ ಎಂದರು ಮಾಸ್ಟರು. ಎಷ್ಟು ಮೆಲ್ಲಗೆ ಎಂದರೆ ಆಕೆ ಇನ್ನೊಂದು ಸಲ ಹೇಳಿಸಿಕೊಂಡರು.

ಮದ್ದು ಮತ್ತೆ ಒಂದು ಯೂನಿಟ್ಟಿಗೆ ಇಳಿಯಿತು. ಈಗ ಚುಚ್ಚುವುದು, ಫ್ರಿಜ್ಜು, ನಿಂಬೆಹಣ್ಣು ಎಲ್ಲವೂ ಹೆಂಡತಿಯ ಇಲಾಖೆ. ಪ್ರಾಯಶ್ಚಿತ್ತಕ್ಕೆಂದು ಮಾಸ್ಟರು ಡಾಕ್ಟರಮ್ಮನ ಕೋಟಿನ ಭುಜ ಸರಿಮಾಡಿಕೊಡುತ್ತೇನೆಂದು ತಂದರು. ಇದರಲ್ಲಿ ಸೂಜಿ ಆ ಕಡೆ ಬಂದರೆ ನನ್ನ ಅಭ್ಯಂತರವಿಲ್ಲ ಎಂದು ಡಾಕ್ಟರಮ್ಮ ಹೇಳಿ ಕಳಿಸಿದರು. ಅಳತೆ ಪುಸ್ತಕದ ಪುಟದಲ್ಲಿ ಹದಿನಾರೂಕಾಲರ ಕೆಳಗೆ ಹದಿನಾರೂಮುಕ್ಕಾಲು ಎಂದು ಬಿತ್ತು. ಮರಳಿನ ತಟ್ಟೆಯ ಇರುವೆಗಳು ಬೇರೆ ಮನೆ ನೋಡಿಕೊಂಡವು.

ಮಾಸ್ಟರಿಗೂ ಒಂದು ಕೆಲಸ ಉಳಿದಿದೆ. ದಿನಕ್ಕೆರಡು ಸಲ, ಏಳಕ್ಕೆ ಸರಿಯಾಗಿ, ಅವರು ಕೈ ಒರೆಸಿಕೊಂಡು ಬಂದು ಬೆಕ್ಕಿನ ಪಕ್ಕ ಕುಕ್ಕರುಗಾಲಲ್ಲಿ ಕೂರಬೇಕು. ಹೆಂಡತಿ ಮದ್ದು ಹಾಕಿ ಸೂಜಿ ತೆಗೆದ ಮೇಲೆ ಅವರು ಬೆರಳಲ್ಲಿ ಕೂದಲು ಬಿಡಿಸಿ ಮುಟ್ಟಿ ನೋಡುತ್ತಾರೆ.

"ಕತ್ತು ಒದ್ದೆಯಾಯ್ತಾ?" ಎಂದು ಆಕೆ ಕೇಳುತ್ತಾರೆ.

"ಇಲ್ಲ, ಒಣಗಿದೆ," ಎನ್ನುತ್ತಾರೆ ಮಾಸ್ಟರು.

"ಸರಿಯಾಗಿ ನೋಡಿ ಹೇಳಿ."

ಮಾಸ್ಟರು ಇನ್ನೊಂದು ಸಲ ಮುಟ್ಟಿ ನೋಡುತ್ತಾರೆ.